ಮರಿಯಮ್ಮನ ಕನ್ನಡ: ರಾಮನಗರ ಸೀಮೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ಭಕ್ತಿ ಮತ್ತು ಧರ್ಮೋಪದೇಶದ ಭಾಷೆ

೧

ಕನ್ನಡಕ್ಕೆ ಕ್ರೈಸ್ತರ ಕೊಡುಗೆಯನ್ನು ಕುರಿತು ಬರೆಯುವಾಗ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಮುದ್ರಣಯಂತ್ರದಿಂದ ಆರಂಭಿಸುತ್ತಾರೆ. ೧೮೩೧ರ ವೇಳೆಗೆ ಬಳ್ಳಾರಿಯಲ್ಲಿ ಪೂರ್ಣಗೊಂಡ ಬೈಬಲ್ ಅನುವಾದ, ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್, ೧೮೪೩ರ ‘ಮಂಗಳೂರ ಸಮಾಚಾರ’, ೧೮೯೪ರ ಕಿಟ್ಟೆಲ್ ನಿಘಂಟು ಈ ಕಥನದ ಮೈಲಿಗಲ್ಲುಗಳು. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಕಥನ ಬಹುಮಟ್ಟಿಗೆ ಪ್ರಾಟೆಸ್ಟಂಟ್ ಮಿಶನರಿಗಳ ಕಥನ, ಬಹುಮಟ್ಟಿಗೆ ಮುದ್ರಿತ ಪುಸ್ತಕದ ಕಥನ. ಅದಕ್ಕಿಂತ ಸುಮಾರು ಎರಡು ಶತಮಾನಗಳಷ್ಟು ಹಿಂದೆಯೇ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬೇರೂರಿದ ಕಥೋಲಿಕ ಕ್ರೈಸ್ತ ಬದುಕು ಕನ್ನಡದಲ್ಲಿ ಏನನ್ನು ಮಾಡಿತು ಎಂಬ ಪ್ರಶ್ನೆಗೆ ಈ ಮೈಲಿಗಲ್ಲುಗಳು ಉತ್ತರ ಹೇಳುವುದಿಲ್ಲ. ಏಕೆಂದರೆ ಆ ಬದುಕಿನ ಮುಖ್ಯ ಸಾಧನೆ ಗ್ರಂಥದಲ್ಲಿರಲಿಲ್ಲ. ಬಾಯಿಯಲ್ಲಿತ್ತು, ಕೈಯಲ್ಲಿ ಉರುಳುವ ಮಣಿಯಲ್ಲಿತ್ತು, ಮಕ್ಕಳಿಗೆ ಇಟ್ಟ ಹೆಸರಿನಲ್ಲಿತ್ತು.

ಪ್ರಸ್ತುತ ಲೇಖನದ ವ್ಯಾಪ್ತಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಸೀಮೆ. ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರಿಗೆ ರಾಜ್ಯ ಸಚಿವ ಸಂಪುಟದ ಒಪ್ಪಿಗೆ ಪಡೆದ ಈ ಸೀಮೆ ರೇಷ್ಮೆಗೂ ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೂ ಕೆಂಪೇಗೌಡರ ಮಾಗಡಿಗೂ ಪ್ರಸಿದ್ಧ. ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ಇಲ್ಲಿನ ಧರ್ಮಕೇಂದ್ರಗಳಲ್ಲಿ ಮಾತೆ ಮರಿಯಮ್ಮನ ಭಕ್ತಿ ಮತ್ತು ಧರ್ಮೋಪದೇಶ ಯಾವ ಕನ್ನಡದಲ್ಲಿ ನಡೆದುಬಂದವು, ಆ ಕನ್ನಡ ಯಾವ ಅರ್ಥಗಳನ್ನು ಉಳಿಸಿತು, ಯಾವ ಅರ್ಥಗಳನ್ನು ಬದಲಿಸಿತು ಎಂಬುದನ್ನು ವಿಮರ್ಶಾತ್ಮಕವಾಗಿ ನೋಡುವುದು ಇಲ್ಲಿನ ಉದ್ದೇಶ. ಧರ್ಮಶಾಸ್ತ್ರದ ಸರಿತಪ್ಪುಗಳನ್ನು ತೀರ್ಮಾನಿಸುವುದು ಇದರ ಉದ್ದೇಶವಲ್ಲ; ಭಾಷೆಯ ಮೂಲಕ ಒಂದು ಜನಸಮುದಾಯದ ಒಳಬದುಕನ್ನು ಓದುವುದಷ್ಟೇ ಇದರ ಹಂಬಲ.

೨

ಇತಿಹಾಸದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ೧೬೪೮-೪೯ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನನ್ನು ಸ್ಥಾಪಿಸಿದನು. ಅದು ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲ. ಮಧುರೆಯಲ್ಲಿ ರಾಬರ್ಟೊ ದ ನೊಬಿಲಿ ತುಳಿದ ದಾರಿಯನ್ನೇ ಅನುಸರಿಸಿ ಚಿನ್ನಮಿಯೂ ಸಂನ್ಯಾಸಿಯ ವೇಷ, ಆಹಾರ, ನಡೆಗಳನ್ನು ಸ್ವೀಕರಿಸಿದನು. ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ವ್ಯಾಕರಣವನ್ನೂ ಶಬ್ದಕೋಶವನ್ನೂ ಅವನು ರಚಿಸಿದನೆಂಬ ಉಲ್ಲೇಖಗಳು ಯೇಸುಸಭೆಯ ದಾಖಲೆಗಳ ಆಧಾರದಿಂದ ಬಂದಿವೆ. ೧೬೭೬ರಲ್ಲಿ ಅವನು ತೀರಿಕೊಂಡನು. ಕನಕಪುರ ಸೀಮೆಯ ಹಾರೋಬೆಲೆ ಯೇಸುಸಭೆಯವರ ಕಾಲದ ಹಳೆಯ ಬೇರುಗಳುಳ್ಳ ಕಥೋಲಿಕ ಗ್ರಾಮವೆಂದು ಪ್ರಸಿದ್ಧವಾಗಿದೆ.

೧೭೭೩ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದರು. ಅನಂತರ ಈ ಪ್ರದೇಶದ ಹೊಣೆ ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳಿಗೆ ಬಂದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿಗೆ ಬಂದ ಅಬ್ಬೆ ದ್ಯುಬುವಾ ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಆದರು. ೧೮೫೦ರಲ್ಲಿ ಮೈಸೂರು ಪ್ರತ್ಯೇಕ ಧರ್ಮಾಡಳಿತ ಪ್ರದೇಶವಾಯಿತು, ೧೮೮೬ರಲ್ಲಿ ಧರ್ಮಕ್ಷೇತ್ರವಾಯಿತು. ೧೯೪೦ರಲ್ಲಿ ಅದರಿಂದ ಬೆಂಗಳೂರು ಧರ್ಮಕ್ಷೇತ್ರ ಬೇರೆಯಾಗಿ ೧೯೫೩ರಲ್ಲಿ ಮಹಾಧರ್ಮಕ್ಷೇತ್ರದ ಸ್ಥಾನ ಪಡೆಯಿತು.

ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದದ್ದು ಅದರ ಬಿರುಕುಗಳನ್ನು. ಯೇಸುಸಭೆಯ ವಿಸರ್ಜನೆಗೂ ಫ್ರೆಂಚ್ ಪಾದ್ರಿಗಳ ವ್ಯವಸ್ಥೆ ನೆಲೆಗೊಳ್ಳುವುದಕ್ಕೂ ನಡುವೆ ಹಲವು ದಶಕಗಳು ಕಳೆದವು. ಅದೇ ಕಾಲ ಮೈಸೂರು ಯುದ್ಧಗಳ ಕಾಲವೂ ಹೌದು. ಪಾದ್ರಿಗಳು ಅಪರೂಪವಾಗಿದ್ದ ಆ ದಿನಗಳಲ್ಲಿ ಹಳ್ಳಿಯ ವಿಶ್ವಾಸವನ್ನು ಯಾರು ಕಾಪಾಡಿದರು? ಪಾದ್ರಿಯಿಲ್ಲದೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಪಾದ್ರಿಯಿಲ್ಲದೆಯೂ ಸಾಧ್ಯವಿದ್ದವು ಮೂರೇ: ಶಿಶುವಿಗೆ ಆಪತ್ತಿನಲ್ಲಿ ನೀಡುವ ಜ್ಞಾನಸ್ನಾನ, ಉಪದೇಶಿಯು ಬಾಯಿಪಾಠ ಮಾಡಿಸುವ ಜ್ಞಾನೋಪದೇಶ, ಮನೆಯಲ್ಲಿ ಹೇಳುವ ಜಪಸರ. ಹಳ್ಳಿಯ ಕ್ರೈಸ್ತಧರ್ಮ ಈ ಮೂರರ ಮೇಲೆ ನಿಂತು ದಾಟಿಬಂದಿತೆಂದು ಊಹಿಸಲು ಅಡ್ಡಿಯಿಲ್ಲ. ಆದ್ದರಿಂದ ಜಪಸರವನ್ನು ಕೇವಲ ಭಕ್ತಿಯ ಆಚರಣೆಯೆಂದು ನೋಡದೆ, ಒಂದು ಶಿಕ್ಷಣಕ್ರಮವೆಂದು ನೋಡುವುದು ಅವಶ್ಯಕ.

೩

ಮೊದಲಿಗೆ ಹೆಸರಿನ ವಿಚಾರ. ‘ಮರಿಯ’ ಎಂಬುದು ಹೀಬ್ರೂ ಮೂಲದ ಹೆಸರು ಲ್ಯಾಟಿನ್ನಿನ ಮೂಲಕ ಬಂದ ರೂಪ. ಅದು ಕನ್ನಡ ನೆಲಕ್ಕೆ ಬಂದು ‘ಅಮ್ಮ’ನನ್ನು ಸೇರಿಸಿಕೊಂಡು ಮರಿಯಮ್ಮ ಆದಾಗ ಒಂದು ವಿಲಕ್ಷಣ ಸನ್ನಿವೇಶ ಉಂಟಾಯಿತು. ಊರೂರಿನ ಗಡಿಯಲ್ಲಿ ಮಾರಮ್ಮ, ಮಾರಿಯಮ್ಮ ಇದ್ದಾಳೆ. ಮಾರಿಯಮ್ಮನಿಗೂ ಮರಿಯಮ್ಮನಿಗೂ ನಡುವೆ ಇರುವುದು ಒಂದು ದೀರ್ಘಸ್ವರ ಮಾತ್ರ. ಒಬ್ಬಳು ಸಿಡುಬಿನ ಒಡತಿ, ಉಗ್ರೆ, ಬಲಿ ಬೇಡುವವಳು. ಇನ್ನೊಬ್ಬಳು ಮಗನನ್ನು ಶಿಲುಬೆಯ ಕೆಳಗೆ ನಿಂತು ಕಳೆದುಕೊಂಡವಳು, ಬೇಡುವವರ ಪರವಾಗಿ ಬೇಡುವವಳು. ಈ ಎರಡರ ಸಾಮೀಪ್ಯವನ್ನು ಕಂಡು ‘ಮರಿಯಮ್ಮ ಬೇರೆ ವೇಷದ ಗ್ರಾಮದೇವತೆ’ ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಆ ತೀರ್ಮಾನ ಅವಸರದ್ದು. ಧ್ವನಿಸಾಮ್ಯ ಆಪ್ತತೆಯನ್ನು ಕೊಡುತ್ತದೆಯೇ ಹೊರತು ಅರ್ಥಸಾಮ್ಯವನ್ನು ತಾನಾಗಿ ಕೊಡುವುದಿಲ್ಲ. ಗ್ರಾಮದೇವತೆಯನ್ನು ಶಾಂತಗೊಳಿಸಬೇಕು, ಮರಿಯಮ್ಮನನ್ನು ಶಾಂತಗೊಳಿಸಬೇಕಾದ ಪ್ರಮೇಯವೇ ಇಲ್ಲ. ಭಯದ ಜಾಗದಲ್ಲಿ ಮೊರೆ ಬಂದು ಕೂತದ್ದು ಈ ಸಣ್ಣ ಸ್ವರವ್ಯತ್ಯಾಸದ ಹಿಂದಿರುವ ದೊಡ್ಡ ಪಲ್ಲಟ. ಸಿಡುಬಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯುವುದು ಉಚಿತ: ಮೈಸೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ದೇವಿ ಹಾಕಿಸುವ ಕಾರ್ಯವನ್ನು ಹಳ್ಳಿಹಳ್ಳಿಗೆ ಒಯ್ದವರಲ್ಲಿ ದೊಡ್ಡಸ್ವಾಮಿ ದ್ಯುಬುವಾ ಒಬ್ಬರು. ಲಸಿಕೆಗೆ ‘ದೇವಿ ಹಾಕುವುದು’ ಎಂದೇ ಕನ್ನಡ ಹೆಸರಿಟ್ಟಿತು. ಹಳೆಯ ದೇವಿ ಹೊಸ ಔಷಧದ ಹೆಸರಿನಲ್ಲಿ ಉಳಿದಳು. ಭಾಷೆ ಯಾವುದನ್ನೂ ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ವ್ಯಕ್ತಿನಾಮಗಳಲ್ಲಿ ಈ ಬೆಸುಗೆ ಇನ್ನೂ ಸ್ಪಷ್ಟ. ಹಳೆಯ ಮೈಸೂರಿನ ಕಥೋಲಿಕರಲ್ಲಿ ರಾಯಪ್ಪ ಎಂದರೆ ಸಂತ ಪೇತ್ರ, ಚಿನ್ನಪ್ಪ ಎಂದರೆ ಸಂತ ಪೌಲ, ಅರುಳಪ್ಪ ಎಂದರೆ ಸಂತ ಯೊವಾನ್ನ, ಶೌರಿ ಅಥವಾ ಶೌರಪ್ಪ ಎಂದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್, ಇನ್ನಾಸಪ್ಪ ಎಂದರೆ ಸಂತ ಇಗ್ನಾಸಿ. ಇವು ತಮಿಳು ಕ್ರೈಸ್ತ ಪರಂಪರೆಯ ಮೂಲಕ ಬಂದು ಕನ್ನಡದ ‘ಅಪ್ಪ’ನನ್ನು ಒಪ್ಪಿಕೊಂಡ ರೂಪಗಳು. ಹೆಣ್ಣುಮಕ್ಕಳ ಹೆಸರುಗಳಲ್ಲಿ ಮರಿಯಮ್ಮ, ಆರೋಗ್ಯಮ್ಮ, ಲೂರ್ದಮ್ಮ ಇವೆಲ್ಲ ಮಾತೆ ಮರಿಯಳ ಬೇರೆ ಬೇರೆ ಬಿರುದುಗಳೇ. ಗಂಡುಮಕ್ಕಳಲ್ಲಿಯೂ ಮರಿಯಪ್ಪ ಇದ್ದಾನೆ. ಆದರೆ ಕನ್ನಡದಲ್ಲಿ ‘ಮರಿ’ ಎಂದರೆ ಚಿಕ್ಕದು, ಕಿರಿಯದು. ಮರಿಗೌಡ, ಮರಿಸ್ವಾಮಿ, ಮರಿಯಪ್ಪ ಎಂಬವು ಇದೇ ಸೀಮೆಯ ಹಿಂದೂ ಮನೆತನಗಳಲ್ಲೂ ಸಾಮಾನ್ಯ. ಮರಿಯಪ್ಪ ಎಂಬ ಹೆಸರು ಕೇಳಿ ಅವನ ಗುಡಿ ಯಾವುದು ಎಂದು ಹೇಳಲಾಗದು. ಒಂದು ಪರಕೀಯ ಹೆಸರು ಊರಿನ ಕಿವಿಗೆ ಪರಕೀಯವಾಗದೆ ಸೇರಿಹೋದದ್ದು ಯಾವ ಸಂಸ್ಕೃತೀಕರಣದ ಯೋಜನೆಯಿಂದಲೂ ಅಲ್ಲ, ಭಾಷೆಯ ಸಹಜ ಆಕಸ್ಮಿಕದಿಂದ. ಕನಕಪುರ ರಸ್ತೆಯ ಬದಿಯ ಮರಿಯಾಪುರದಲ್ಲಿ ಊರಿಗೇ ಆ ಹೆಸರು ಬಂದಿದೆ.

೪

ಎರಡನೆಯದಾಗಿ ಪ್ರಾರ್ಥನೆಯ ಶಬ್ದಗಳು. ಪ್ರಾಟೆಸ್ಟಂಟ್ ಮತ್ತು ಕಥೋಲಿಕ ಕನ್ನಡಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ವ್ಯತ್ಯಾಸ ತಟ್ಟನೆ ಕಣ್ಣಿಗೆ ಬೀಳುತ್ತದೆ. ಪ್ರಾಟೆಸ್ಟಂಟ್ ಕನ್ನಡ ದೇವರನ್ನು ‘ನೀನು’ ಎನ್ನುತ್ತದೆ, ಕ್ರಿಸ್ತನನ್ನು ‘ಆತನು’ ಎನ್ನುತ್ತದೆ. ಕಥೋಲಿಕ ಕನ್ನಡ ಇಬ್ಬರಿಗೂ ಬಹುವಚನದ ಗೌರವ ಕೊಡುತ್ತದೆ; ‘ನಮೋ ಮರಿಯ’ ಜಪದಲ್ಲಿ ಮರಿಯಳಿಗೂ ಅದೇ ‘ನೀವು’. ವಚನಕಾರರಿಂದ ದಾಸರವರೆಗೆ ಕನ್ನಡದ ಭಕ್ತಿ ದೇವರನ್ನು ಏಕವಚನದಲ್ಲಿ ಕರೆದು ಜಗಳವಾಡಿದ ಭಕ್ತಿ. ಆ ದೃಷ್ಟಿಯಿಂದ ಪ್ರಾಟೆಸ್ಟಂಟರ ‘ನೀನು’ ಕನ್ನಡದ ಭಕ್ತಿಮಾರ್ಗಕ್ಕೆ ಹತ್ತಿರ, ಕಥೋಲಿಕರ ‘ನೀವು’ ಅರಮನೆಯ ಓಲಗಕ್ಕೆ ಹತ್ತಿರ ಎನ್ನಬಹುದು. ಆದರೆ ಇದು ಗುಡಿಯ ಪ್ರಾರ್ಥನೆಯ ಮಾತು. ಮಗುವಿಗೆ ಜ್ವರ ಬಂದ ರಾತ್ರಿಯಲ್ಲಿ ತಾಯಿಯೊಬ್ಬಳು ಗೋಡೆಯ ಪಟದ ಮುಂದೆ ಇಡುವ ಮೊರೆಗೆ ವ್ಯಾಕರಣದ ಕಟ್ಟಿಲ್ಲ. ಅಲ್ಲಿ ‘ನೀವು’ ‘ನೀನು’ ಆಗುವುದೂ ಮಾತೆ ಅವ್ವನಾಗುವುದೂ ಸಹಜ. ಮುದ್ರಿತ ಪುಸ್ತಕವನ್ನು ಮಾತ್ರ ಓದುವ ಸಂಶೋಧಕನಿಗೆ ಈ ಎರಡನೆಯ ಕನ್ನಡ ಕೇಳಿಸುವುದೇ ಇಲ್ಲ.

ಇದಕ್ಕಿಂತ ಮಹತ್ವದ್ದು ‘ವರಪ್ರಸಾದ’ ಎಂಬ ಮಾತು. ಲ್ಯಾಟಿನ್ನಿನ ‘ಗ್ರಾತ್ಸಿಯ’ ಎಂಬುದಕ್ಕೆ ಪ್ರಾಟೆಸ್ಟಂಟರು ‘ಕೃಪೆ’ ಎಂದರು. ಕಥೋಲಿಕರು ‘ವರಪ್ರಸಾದ’ ಎಂದರು. ಮರಿಯಳು ‘ವರಪ್ರಸಾದಪೂರ್ಣೆ’. ಮೂಲಪದದ ತಿರುಳು ಅನರ್ಹನಿಗೂ ಪುಕ್ಕಟೆಯಾಗಿ ದೊರೆಯುವ ದಾನ ಎಂಬುದು. ಆದರೆ ಕನ್ನಡದಲ್ಲಿ ‘ವರ’ ಎಂಬುದು ಪುರಾಣದಿಂದ ಬಂದದ್ದು. ಅಲ್ಲಿ ವರವನ್ನು ತಪಸ್ಸು ಮಾಡಿ ಪಡೆಯುತ್ತಾರೆ, ಅದರಲ್ಲಿ ಒಂದು ಲೆಕ್ಕಾಚಾರವಿರುತ್ತದೆ. ‘ಪ್ರಸಾದ’ವಾದರೋ ಬೇರೆ ದಿಕ್ಕಿಗೆ ಎಳೆಯುತ್ತದೆ. ಪ್ರಸನ್ನತೆ ಎಂಬ ಮೂಲಾರ್ಥದಿಂದ ಹೊರಟು ದೇವರಿಗೆ ಅರ್ಪಿಸಿ ಹಿಂಪಡೆದದ್ದು ಎಂಬಲ್ಲಿಗೆ ಬಂದು, ವೀರಶೈವರ ಅಷ್ಟಾವರಣದಲ್ಲಿ ಒಂದು ತತ್ತ್ವವೇ ಆಗಿ, ಕನ್ನಡಿಗರ ಅನುಭವದಲ್ಲಿ ಬಹಳ ಆಳಕ್ಕೆ ಇಳಿದ ಪದ ಅದು. ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಗೂ ‘ಪರಮಪ್ರಸಾದ’ ಎಂಬ ಹೆಸರಾಯಿತು. ಹೀಗೆ ವರಪ್ರಸಾದ ಎಂಬ ಒಂದೇ ಸಮಾಸದೊಳಗೆ ಗಳಿಸುವುದು ಮತ್ತು ಪಡೆಯುವುದು, ಹರಕೆ ಮತ್ತು ಕೃಪೆ ಎರಡೂ ಸೆಣಸುತ್ತವೆ.

ಈ ಸೆಣಸಾಟ ಕೇವಲ ಕೋಶದೊಳಗಿನದಲ್ಲ. ಧರ್ಮಕೇಂದ್ರದ ದಿನನಿತ್ಯದ ಬದುಕಿನಲ್ಲಿ ಅದು ಜೀವಂತ. ಆರೋಗ್ಯಮಾತೆಗೆ ಹರಕೆ ಹೊತ್ತು ಕಾವಿ ಉಟ್ಟು ನಡೆದುಹೋಗುವ ಭಕ್ತನಿಗೆ ವರ ಎಂದರೆ ಏನೆಂದು ಗೊತ್ತು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಕೃಪೆಯನ್ನು ಕೊಂಡುಕೊಳ್ಳಲಾಗದು ಎಂದು ಹೇಳಿಕೊಡುವ ಶಿಕ್ಷಕನಿಗೂ ಪದ ಅದೇ. ಒಂದೇ ಪದವನ್ನಾಡಿ ಇಬ್ಬರೂ ಎರಡು ಅರ್ಥಗಳಲ್ಲಿ ಬದುಕುತ್ತಾರೆ. ಇದನ್ನು ಅನುವಾದದ ಸೋಲು ಎನ್ನಬೇಕೆ? ನನ್ನ ಅಭಿಪ್ರಾಯದಲ್ಲಿ ಇಲ್ಲ. ‘ಕೃಪೆ’ ಎಂಬ ಶುದ್ಧಪದ ಈ ತೊಡಕನ್ನು ತಪ್ಪಿಸುತ್ತದೆ ನಿಜ, ಆದರೆ ಅದು ಜನರ ಹರಕೆಯ ಲೋಕವನ್ನು ಹೊರಗೇ ನಿಲ್ಲಿಸುತ್ತದೆ. ‘ವರಪ್ರಸಾದ’ ಅದನ್ನು ಒಳಗೆ ಕರೆದು ಕೂರಿಸಿಕೊಂಡು ಮಾತಿಗೆಳೆಯುತ್ತದೆ. ಆ ಮಾತುಕತೆಯನ್ನು ಮುಂದುವರಿಸುವ ಹೊಣೆ ಧರ್ಮೋಪದೇಶದ್ದು. ಅದು ನಡೆಯದ ಕಡೆ ಹರಕೆ ವ್ಯಾಪಾರವಾಗುತ್ತದೆ ಎಂಬುದನ್ನೂ ಮರೆಯಲಾಗದು.

೫

ಮೂರನೆಯದಾಗಿ ಶಿಕ್ಷಣದ ಎರಡು ಕ್ರಮಗಳು. ಗುಡಿಯ ಜ್ಞಾನೋಪದೇಶ ಪ್ರಶ್ನೋತ್ತರ ರೂಪದ್ದು. ದೇವರು ಎಷ್ಟು ಮಂದಿ, ಮನುಷ್ಯನನ್ನು ಏಕೆ ಸೃಷ್ಟಿಸಿದರು ಎಂಬ ಬಗೆಯ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸುವ ಈ ಕ್ರಮ ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಬಲಗೊಂಡು ಮಿಶನ್ನುಗಳ ಮೂಲಕ ಲೋಕವೆಲ್ಲ ಹಬ್ಬಿತು. ‘ಜ್ಞಾನೋಪದೇಶ’ ಎಂಬ ಹೆಸರು ತಮಿಳಿನಲ್ಲಿ ದ ನೊಬಿಲಿಯ ಕೃತಿಯಿಂದ ಪ್ರಸಿದ್ಧವಾಗಿತ್ತು. ೧೯೧೦ರಲ್ಲಿ ಹತ್ತನೆಯ ಪಯಸ್ ಪೋಪರು ಸುಮಾರು ಏಳು ವರ್ಷದ ಮಕ್ಕಳಿಗೇ ಪರಮಪ್ರಸಾದ ಕೊಡಬಹುದೆಂದು ವಿಧಿಸಿದ ಮೇಲೆ ಈ ಬಾಯಿಪಾಠ ಬಾಲ್ಯದ ಒಂದು ಘಟ್ಟವಾಯಿತು. ಅದರ ಬಲ ನಿಖರತೆ; ಅದರ ದೌರ್ಬಲ್ಯ ಉತ್ತರ ಗೊತ್ತಿದ್ದೂ ಪ್ರಶ್ನೆ ಹುಟ್ಟದಿರುವುದು.

ಮನೆಯ ಜಪಸರ ಬೇರೊಂದು ಕ್ರಮ. ಹಳೆಯ ರೂಢಿಯ ಹದಿನೈದು ರಹಸ್ಯಗಳಲ್ಲಿ ನೂರೈವತ್ತು ‘ನಮೋ ಮರಿಯ’ಗಳು ಬರುತ್ತವೆ, ಇದು ನೂರೈವತ್ತು ಕೀರ್ತನೆಗಳಿಗೆ ಸಮಾನವಾಗಿ ಅನಕ್ಷರಸ್ಥರಿಗಾಗಿ ರೂಪುಗೊಂಡ ಸಂಖ್ಯೆ ಎಂಬುದು ಪ್ರಸಿದ್ಧ. ೨೦೦೨ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು ಇಪ್ಪತ್ತಾದವು. ಒಂದೊಂದು ರಹಸ್ಯವೂ ಒಂದೊಂದು ಘಟನೆ: ದೂತನ ವಾರ್ತೆ, ಎಲಿಜಬೇತಳ ಭೇಟಿ, ಗೋದಲಿಯ ಜನನ, ಕಳೆದುಹೋದ ಮಗ ದೇವಾಲಯದಲ್ಲಿ ಸಿಕ್ಕಿದ್ದು, ತೋಪಿನ ಯಾತನೆ, ಮುಳ್ಳಿನ ಕಿರೀಟ, ಶಿಲುಬೆ, ಪುನರುತ್ಥಾನ. ಅಂದರೆ ಜಪಸರ ಒಂದು ಕಥನ. ಆ ಕಥನದ ಪ್ರತಿ ಘಟ್ಟದಲ್ಲೂ ಹತ್ತು ಬಾರಿ ನಿಲ್ಲಿಸಿ ಮನಸ್ಸನ್ನು ಅಲ್ಲಿಯೇ ಇರಿಸುವ ಉಪಾಯ. ಪುಸ್ತಕ ಓದಲಾರದ ಅಜ್ಜಿ ಮೊಮ್ಮಕ್ಕಳಿಗೆ ಶುಭಸಂದೇಶದ ಸಾರವನ್ನು ದಾಟಿಸಲು ಇದಕ್ಕಿಂತ ಸಮರ್ಥವಾದ ರೂಪವನ್ನು ಕಲ್ಪಿಸುವುದು ಕಷ್ಟ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರ ಕಳೆದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಆ ದುಡಿಮೆಯ ನಡುವೆಯೂ ಹೊಂದಿಕೊಳ್ಳುವ ಪ್ರಾರ್ಥನೆ ಇದು. ಇದಕ್ಕೆ ಗುಡಿ ಬೇಡ, ಪಾದ್ರಿ ಬೇಡ, ದೀಪದ ಎಣ್ಣೆಯೂ ಅನಿವಾರ್ಯವಲ್ಲ.

೧೯೭೪ರಲ್ಲಿ ಆರನೆಯ ಪೌಲ್ ಪೋಪರು ಮರಿಯಳ ಭಕ್ತಿಯನ್ನು ಕುರಿತು ಹೊರಡಿಸಿದ ಪತ್ರದಲ್ಲಿ ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದಂತೆ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಯಾಂತ್ರಿಕವಾಗಿ ಗುಣುಗುಣಿಸುವ ಜಪವನ್ನು ಕುರಿತು ಈ ಎಚ್ಚರ ನ್ಯಾಯವಾದದ್ದೇ. ಆದರೆ ಪುನರುಕ್ತಿಯೆಲ್ಲ ಯಾಂತ್ರಿಕವೆಂಬ ವಿದ್ಯಾವಂತರ ಗ್ರಹಿಕೆಯನ್ನು ಕನ್ನಡ ಪರಂಪರೆಯ ಹಿನ್ನೆಲೆಯಲ್ಲಿ ಒಪ್ಪಲಾಗದು. ರಾಗಿ ಬೀಸುವ ಪದಗಳಲ್ಲಿ, ಸೋಬಾನೆಯಲ್ಲಿ, ಭಜನೆಯಲ್ಲಿ ಪುನರುಕ್ತಿಯೇ ಸ್ಮರಣೆಯ ಬೆನ್ನೆಲುಬು. ೧೫೮೭ರಲ್ಲಿ ರೋಮಿನ ಒಪ್ಪಿಗೆ ಪಡೆದ ಲೊರೆತೊ ನಾಮಾವಳಿ ಕನ್ನಡಕ್ಕೆ ಬಂದಾಗ ಅದು ಅಪರಿಚಿತವೆನಿಸದಿದ್ದುದು ಆಶ್ಚರ್ಯವಲ್ಲ. ಸಹಸ್ರನಾಮ, ಅಷ್ಟೋತ್ತರಗಳ ನಾಡಿಗೆ ಬಿರುದುಗಳ ಮಾಲೆ ಹೊಸದೇನಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ಬಿರುದಿನ ಕೊನೆಗೂ ಬರುವುದು ‘ನಮಗಾಗಿ ಬೇಡು’ ಎಂಬ ಅರ್ಥದ ಕೋರಿಕೆ. ಕೊಡುವವಳು ಅವಳಲ್ಲ, ಕೇಳುವವಳು ಎಂಬ ಧರ್ಮಶಾಸ್ತ್ರವನ್ನು ಆ ಒಂದು ಪಲ್ಲವಿ ಯಾವ ಪ್ರಶ್ನೋತ್ತರಕ್ಕಿಂತಲೂ ಗಟ್ಟಿಯಾಗಿ ಕಲಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೪ರ ತನ್ನ ಸಂವಿಧಾನದ ಎಂಟನೆಯ ಅಧ್ಯಾಯದಲ್ಲಿ ಅತಿಶಯೋಕ್ತಿಯೂ ಬೇಡ, ಸಂಕುಚಿತತೆಯೂ ಬೇಡ ಎಂದದ್ದು, ೨೦೨೫ರ ನವೆಂಬರಿನಲ್ಲಿ ರೋಮಿನ ವಿಶ್ವಾಸಬೋಧನಾ ಇಲಾಖೆ ಮರಿಯಳನ್ನು ಸಹವಿಮೋಚಕಿ ಎಂದು ಕರೆಯುವುದು ಸೂಕ್ತವಲ್ಲ ಎಂದದ್ದು ಇದೇ ವಿವೇಕದ ಮಾತುಗಳು. ಹಳ್ಳಿಯ ಪಲ್ಲವಿ ಈ ವಿವೇಕವನ್ನು ಮೊದಲೇ ಬಲ್ಲದು.

೬

ಇಲ್ಲಿ ದ್ಯುಬುವಾ ಅವರ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ನಾಡಿನಲ್ಲಿದ್ದು ೧೮೨೩ರಲ್ಲಿ ಮರಳಿದ ಅವರು ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಪ್ರಕಟಿಸಿದರು. ಮೂರ್ತಿ, ಮೆರವಣಿಗೆ, ಉಪವಾಸ, ಹಬ್ಬ, ಸಂತರ ಮೊರೆ ಇವುಗಳಿಂದ ಕೂಡಿದ ಕಥೋಲಿಕ ಆಚರಣೆ ಹಿಂದೂಗಳ ರೂಢಿಗೆ ಹತ್ತಿರವಾದ್ದರಿಂದ ಪ್ರಾಟೆಸ್ಟಂಟ್ ಕ್ರಮಕ್ಕಿಂತ ಇಲ್ಲಿ ಹೆಚ್ಚು ಒಗ್ಗುತ್ತದೆಂದು ಅವರು ವಾದಿಸಿದರು. ಜೊತೆಗೆ ತೇರು, ತಮಟೆ, ಗದ್ದಲಗಳ ಕ್ರೈಸ್ತ ಮೆರವಣಿಗೆಗಳು ತಮಗೆ ಮುಜುಗರ ತಂದುವೆಂಬುದನ್ನೂ ಮರೆಮಾಚಲಿಲ್ಲ. ಭಾರತದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲ ಎಂಬುದು ಅವರ ನಿರಾಶೆಯ ತೀರ್ಮಾನವಾಗಿತ್ತು.

ದೊಡ್ಡಸ್ವಾಮಿಯವರ ವಿವರಣೆ ಸರಿ, ತೀರ್ಮಾನ ತಪ್ಪು ಎಂದು ಎರಡು ಶತಮಾನಗಳು ತೋರಿಸಿವೆ. ಅವರೇ ಪ್ರಾರ್ಥನಾಮಂದಿರ ಕಟ್ಟಿಸಿದರೆಂಬ ಪ್ರತೀತಿಯುಳ್ಳ ಬೆಂಗಳೂರಿನ ಕಾಣಿಕೆ ಮಾತೆಯ ಗುಡಿ ೧೮೮೨ರಲ್ಲಿ ಈಗಿನ ಭವ್ಯರೂಪ ಪಡೆದು, ಮುಂದೆ ಬಸಿಲಿಕವೆಂದು ಘೋಷಿತವಾಯಿತು. ಸೆಪ್ಟೆಂಬರ್ ೮ರ ಮರಿಯಮ್ಮನ ಜನನದ ಹಬ್ಬಕ್ಕೆ ಅಲ್ಲಿ ಎಳೆಯುವ ತೇರು, ಅದಕ್ಕೂ ಮುಂಚಿನ ಒಂಬತ್ತು ದಿನಗಳ ನೊವೇನ, ಕಾವಿ ಉಟ್ಟ ಭಕ್ತರ ಸಾಲು, ಮಾತೆಗೆ ಉಡಿಸುವ ಸೀರೆ ಇವೆಲ್ಲವೂ ದ್ಯುಬುವಾ ಮುಜುಗರಪಟ್ಟ 'ಗದ್ದಲ'ದ ಮುಂದುವರಿಕೆಯೇ. ಆ ಗದ್ದಲದಲ್ಲಿ ಎಲ್ಲ ಮತಗಳ ಜನರೂ ಇರುತ್ತಾರೆ. ಹೊರನೋಟಕ್ಕೆ ಆಳವಿಲ್ಲದ್ದಾಗಿ ಕಂಡದ್ದು ವಾಸ್ತವದಲ್ಲಿ ಬೇರಾಗಿತ್ತು.

ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದಲೂ ಹೇಳಬೇಕು. ಮಹಾಸಭೆಯ ಬಳಿಕ ೧೯೬೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಭಾರತೀಕರಣದ ಗಂಭೀರ ಚಿಂತನೆ ನಡೆಸಿತು. ೧೯೬೯ರಲ್ಲಿ ರೋಮಿನ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಲ್ಲಿ ನೆಲದಲ್ಲಿ ಕುಳಿತು ಪೂಜೆ, ಅಂಜಲಿ, ಆರತಿ ಮುಂತಾದವು ಸೇರಿದ್ದವು. ಆ ಚಿಂತನೆಯ ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಒಂದು ಕೊರತೆಯನ್ನು ಗುರುತಿಸಬೇಕಾಗಿದೆ. ಅದು ‘ಭಾರತೀಯ’ ಎಂದಾಗ ಬಹುಪಾಲು ಸಂಸ್ಕೃತದ, ಆಶ್ರಮದ, ಶಾಸ್ತ್ರೀಯ ಪರಂಪರೆಯ ಕಡೆ ನೋಡಿತು. ಹಾರೋಬೆಲೆಯಂಥ ಹಳ್ಳಿಗಳು ತಮ್ಮದೇ ಜನಪದ ರೀತಿಯಲ್ಲಿ ಮೊದಲೇ ಕಂಡುಕೊಂಡಿದ್ದ ರೂಪಗಳನ್ನು ಅದು ಅಷ್ಟಾಗಿ ವಿಚಾರಿಸಲಿಲ್ಲ. ಶುಭಶುಕ್ರವಾರದ ಸಂದರ್ಭದಲ್ಲಿ ಹಾರೋಬೆಲೆಯ ಜನರೇ ಆಡುವ, ‘ಮಹಿಮೆ’ ಎಂದು ಹೆಸರಾದ ಯೇಸುವಿನ ಯಾತನೆಯ ನಾಟಕ ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದ ಸೀಮೆಗೆ ಪವಿತ್ರಕಥೆಯನ್ನು ರಂಗದ ಮೇಲೆ ಕಾಣುವುದು ಹೊಸದಲ್ಲ. ಯಾತನೆಗೆ ‘ಮಹಿಮೆ’ ಎಂದು ಹೆಸರಿಟ್ಟದ್ದರಲ್ಲೇ ಒಂದು ಧರ್ಮಚಿಂತನೆಯಿದೆ: ಸೋಲಿನಲ್ಲಿ ಗೆಲುವನ್ನು ಕಾಣುವ ಯೊವಾನ್ನನ ಶುಭಸಂದೇಶದ ದೃಷ್ಟಿ ಅದು. ಶಿಲುಬೆಯ ಬಳಿ ನಿಂತ ವ್ಯಾಕುಲಮಾತೆಯ ದುಃಖ ಹಳ್ಳಿಯ ಹೆಂಗಸರಿಗೆ ಯಾರೂ ವಿವರಿಸಿ ಹೇಳಬೇಕಾದ ರಹಸ್ಯವಲ್ಲ.

೭

೨೦೧೯ರ ಕ್ರಿಸ್ಮಸ್ ದಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ ೧೧೪ ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಿಲಾನ್ಯಾಸ ನಡೆದು, ೨೦೨೦ರ ಜನವರಿಯಲ್ಲಿ ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಪ್ರತಿಭಟನೆಯಾಯಿತು. ಬೆಟ್ಟ ಮುನೇಶ್ವರನದೆಂದು ಪ್ರತಿಭಟನಕಾರರು ಹೇಳಿದರು. ಬಹುಕಾಲದಿಂದ ಅಲ್ಲಿ ಪ್ರಾರ್ಥಿಸುತ್ತ ಬಂದಿದ್ದೇವೆಂದು ಊರಿನ ಕ್ರೈಸ್ತರು ಹೇಳಿದರು. ವಿವಾದದ ರಾಜಕೀಯ, ಕಾನೂನುಗಳ ಚರ್ಚೆ ಇಲ್ಲಿನ ವಿಷಯವಲ್ಲ. ಸಂಶೋಧಕರಿಗೆ ಮುಖ್ಯವಾದದ್ದು ಬೇರೆ: ನಾಡಿನ ಬಹುಪಾಲು ಓದುಗರು ಹಾರೋಬೆಲೆಯ ಹೆಸರನ್ನು ಮೊದಲ ಬಾರಿಗೆ ಕೇಳಿದ್ದೇ ಆಗ. ಶತಮಾನಗಳ ಕನ್ನಡದ ಬದುಕೊಂದು ಸಾರ್ವಜನಿಕ ಅರಿವಿಗೆ ಬಂದದ್ದು ಒಂದು ಪ್ರತಿಮೆಯ ಎತ್ತರದ ಲೆಕ್ಕದಲ್ಲಿ. ‘ಕಪಾಲಬೆಟ್ಟ’ ಎಂಬ ಹೆಸರು ಗೊಲ್ಗೊಥಾ ಎಂಬ ಹೀಬ್ರೂ-ಅರಾಮಿಕ್ ಮಾತಿನ ‘ತಲೆಬುರುಡೆಯ ಜಾಗ’ ಎಂಬ ಅರ್ಥಕ್ಕೆ ಹೊಂದುತ್ತದೆ; ಕನ್ನಡದ ಕಿವಿಗೆ ಅದು ಕಪಾಲಿಯಾದ ಶಿವನನ್ನೂ ನೆನಪಿಸದೆ ಇರದು. ಇಂಥ ಹೆಸರೊಂದರಲ್ಲಿ ಅಡಗಿರುವ ಸಾಂಸ್ಕೃತಿಕ ಪದರಗಳನ್ನು ಬಿಡಿಸಿ ತೋರಿಸುವ ಕೆಲಸವನ್ನು ನಮ್ಮ ವಿದ್ವತ್ತು ಮೊದಲೇ ಮಾಡಿದ್ದರೆ ಚರ್ಚೆಯ ದನಿಯಾದರೂ ಬೇರೆಯಾಗುತ್ತಿತ್ತೇನೊ.

ಆ ಕೆಲಸಕ್ಕೆ ಇರುವ ಕಾಲ ಈಗ ಕಡಿಮೆ. ೨೦೨೧ರಲ್ಲಿ ಮೆಟ್ರೊ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ೨೦೨೩ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಓಡುತ್ತಿದೆ. ನಗರದ ಅಂಚಿಗೆ ಬಂದ ಹಳ್ಳಿಯ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಧರ್ಮೋಪದೇಶವನ್ನೂ ಇಂಗ್ಲಿಷಿನಲ್ಲಿ ಬಯಸುವಂತಾದಾಗ ಕಳೆದುಹೋಗುವುದು ಬರಿಯ ಮಾಧ್ಯಮವಲ್ಲ. ‘ಗ್ರೇಸ್’ ಎಂದು ಕಲಿತ ಮಗುವಿಗೆ ವರಪ್ರಸಾದದೊಳಗಿನ ಸೆಣಸಾಟ ತಿಳಿಯದು. ಅಜ್ಜಿಯ ಜಪಸರ ಅದಕ್ಕೆ ಶಬ್ದವಾಗಿ ಉಳಿಯುತ್ತದೆಯೇ ಹೊರತು ಮಾತಾಗಿ ಉಳಿಯುವುದಿಲ್ಲ. ಬೆಂಗಳೂರಿನ ಗುಡಿಗಳಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ದಶಕಗಳಿಂದ ನಡೆದ ಹೋರಾಟ ಪೂಜೆಯ ಭಾಷೆಯನ್ನು ಕುರಿತದ್ದು. ಮನೆಯ ಪ್ರಾರ್ಥನೆಯ ಭಾಷೆಯನ್ನು ಕುರಿತು ಅಂಥ ಹೋರಾಟ ಸಾಧ್ಯವಿಲ್ಲ. ಅದು ಆಡಿದರೆ ಉಂಟು, ಬಿಟ್ಟರೆ ಇಲ್ಲ.

ಈ ಚರ್ಚೆಯಲ್ಲಿ ಭಾವುಕತೆಗೆ ಎಡೆಗೊಡಬಾರದು. ಹಳ್ಳಿಯ ಧರ್ಮಕೇಂದ್ರ ಜಾತಿಯ ಸೋಂಕಿನಿಂದ ಮುಕ್ತವಾಗಿತ್ತೆಂದು ಹೇಳಲು ಮಿಶನ್ನುಗಳ ಚರಿತ್ರೆ ಅವಕಾಶ ಕೊಡುವುದಿಲ್ಲ. ಸಂನ್ಯಾಸಿವೇಷದ ಪಾದ್ರಿಯ ಕಲ್ಪನೆಯೇ ಮೇಲುಕೀಳಿನ ವ್ಯವಸ್ಥೆಯೊಂದಿಗೆ ಮಾಡಿಕೊಂಡ ಒಂದು ಒಪ್ಪಂದ. ತಾಯಿಯನ್ನು ಹಾಡಿ ಹೊಗಳುವ ಗುಡಿಯಲ್ಲಿ, ಆ ಭಕ್ತಿಯನ್ನು ಹೊತ್ತು ತಂದ ಹೆಂಗಸರ ಹೆಸರು ದಾಖಲೆಗಳಲ್ಲಿ ಹೆರಿಗೆ, ಮದುವೆ, ಮರಣಗಳಿಗೆ ಮಾತ್ರ ಸೀಮಿತ. ಜಪಸರ ಹೇಳಿಕೊಟ್ಟವಳನ್ನು ಉಪದೇಶಿ ಎಂದು ಯಾರೂ ಕರೆಯಲಿಲ್ಲ. ವಿಮರ್ಶೆ ಮಾಡಬೇಕಾದ ಮೊದಲ ತಿದ್ದುಪಡಿ ಇದೇ: ಮರಿಯಮ್ಮನ ಕನ್ನಡದ ನಿಜವಾದ ಕರ್ತೃಗಳು ಯೂರೋಪಿನ ಪಾದ್ರಿಗಳಲ್ಲ, ಆ ಕನ್ನಡವನ್ನು ದಿನವೂ ಆಡಿದ ಮನೆಯ ಹೆಂಗಸರು.

೨೦೨೦ರ ಜೂನ್ ತಿಂಗಳಲ್ಲಿ, ಲೋಕವೆಲ್ಲ ಸಾಂಕ್ರಾಮಿಕದಿಂದ ತತ್ತರಿಸಿದ್ದಾಗ, ಪೋಪ್ ಫ್ರಾನ್ಸಿಸರು ಲೊರೆತೊ ನಾಮಾವಳಿಗೆ ಮೂರು ಹೊಸ ಬಿರುದುಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು ವಲಸಿಗರ ಸಾಂತ್ವನ ಎಂಬ ಅರ್ಥದ್ದು. ಊರು ಬಿಟ್ಟು ಬೆಂಗಳೂರಿಗೆ ಹೋದವರ, ಬಿಡದಿಯ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದವರ ಈ ಸೀಮೆಗೆ ಆ ಬಿರುದು ಹೊಂದುತ್ತದೆ. ಅದಕ್ಕೆ ಇಲ್ಲಿನ ಮಣ್ಣಿನ ಕನ್ನಡ ಮಾತೊಂದನ್ನು ಯಾವ ಅಜ್ಜಿ ಕಂಡುಕೊಳ್ಳುತ್ತಾಳೋ ತಿಳಿಯದು. ಜ್ಞಾನಸ್ನಾನದ ಹಳೆಯ ರಿಜಿಸ್ಟರುಗಳು, ಸವೆದ ಜಪದ ಪುಸ್ತಕಗಳು, ಇನ್ನೂ ಹೇಳಬಲ್ಲವರ ಬಾಯಿಪಾಠಗಳು ಇರುವಾಗಲೇ ಅವುಗಳನ್ನು ಸಂಗ್ರಹಿಸಿ ಕನ್ನಡದ ಭಕ್ತಿಸಾಹಿತ್ಯದ ಪಕ್ಕದಲ್ಲಿಟ್ಟು ಓದುವುದು ನಮ್ಮ ವಿಶ್ವವಿದ್ಯಾಲಯಗಳ, ಅಕಾಡೆಮಿಗಳ ಮುಂದಿರುವ ಕರ್ತವ್ಯ. ಅಲ್ಪಸಂಖ್ಯಾತರೊಬ್ಬರಿಗೆ ತೋರುವ ಉದಾರತೆಯೆಂದು ಇದನ್ನು ಭಾವಿಸಬೇಕಿಲ್ಲ. ಕನ್ನಡ ತನ್ನದೇ ಮನೆಯ ಒಂದು ಕೋಣೆಯ ಬಾಗಿಲನ್ನು ತೆರೆದು ನೋಡಿದಂತೆ ಎಂದಷ್ಟೇ ತಿಳಿದರೆ ಸಾಕು.